ಹಾಡುವ ಬಟ್ಟಲು ಕೊಳ್ಳುವ ಮೊದಲು: ಆರ್.ಎಸ್.ಪುರದ ಪುಟ್ಟ ಅಂಗಡಿಯಲ್ಲಿ ಅರ್ಧ ದಿನ



ಹೋದ ತಿಂಗಳ ಕೂಟಕ್ಕೆ ಬಂದಿದ್ದವರಿಗೆ ನೆನಪಿರಬಹುದು. ಊಟ ಮುಗಿದು ಎಲೆ ಎತ್ತುವ ಹೊತ್ತಿಗೆ ನಮ್ಮ ಹಿರಿಯ ಸದಸ್ಯರೊಬ್ಬರು ಕೈಚೀಲದಿಂದ ಮಖಮಲ್ ಬಟ್ಟೆಯಲ್ಲಿ ಸುತ್ತಿದ್ದ ಬಟ್ಟಲೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಮರದ ಕೋಲಿನಿಂದ ಅದರ ಅಂಚಿಗೆ ಮೆಲ್ಲಗೆ ಬಡಿದರು. ಮಕ್ಕಳೆಲ್ಲ ಸುತ್ತ ನೆರೆದರು. ಪ್ರವಾಸಕ್ಕೆ ಹೋಗಿದ್ದಾಗ ಬೇರೊಂದು ಊರಿನಲ್ಲಿ ಕೊಂಡದ್ದಂತೆ. ಬೆಲೆ 18,500 ರೂಪಾಯಿ. ಏಳು ಲೋಹ ಸೇರಿಸಿ ಹಿಮಾಲಯದ ಮಠದಲ್ಲಿ ಮಾಡಿದ್ದು, ದಿನಕ್ಕೆ ಎರಡು ಸಲ ಇದರ ನಾದ ಕೇಳಿ, ರಾತ್ರಿಯಿಡೀ ಇದರಲ್ಲಿಟ್ಟ ನೀರನ್ನು ಬೆಳಿಗ್ಗೆ ಕುಡಿದರೆ ಸಕ್ಕರೆ ಕಾಯಿಲೆ ತಾನಾಗಿ ಇಳಿಯುತ್ತದೆ ಎಂದು ಮಾರಿದವರು ಹೇಳಿದ್ದರಂತೆ.

ಅವರ ಮನೆಯವರು ಇಪ್ಪತ್ತು ವರ್ಷದಿಂದ ಸಕ್ಕರೆ ಮಾತ್ರೆ ತೆಗೆದುಕೊಳ್ಳುತ್ತಿರುವವರು. ಬಟ್ಟಲು ಬಂದ ಮೇಲೆ, ಮೂರು ವಾರದಿಂದ, ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದರು. ನಮ್ಮಲ್ಲಿರುವ ಡಾಕ್ಟರ್ ಸದಸ್ಯೆ ಇದನ್ನು ಕೇಳಿದವರೇ ಕೈ ತೊಳೆಯುವುದನ್ನೂ ಬಿಟ್ಟು ಬಂದರು. ‘ಅಮ್ಮಾ, ನಾಳೆ ಬೆಳಿಗ್ಗೆ ಕಾಫಿ ಕುಡಿಯೋಕೆ ಮುಂಚೆ ರಕ್ತ ಕೊಟ್ಟು ಬನ್ನಿ. ಮಾತ್ರೆ ಈಗಲೇ ಮೊದಲಿನ ಹಾಗೆ ಶುರು ಮಾಡಿ’ ಎಂದರು. ಮರುದಿನದ ಪರೀಕ್ಷೆಯಲ್ಲಿ ಸಕ್ಕರೆ ಬಹಳ ಏರಿತ್ತು. ಈಗ ಅಮ್ಮ ಚೆನ್ನಾಗಿದ್ದಾರೆ. ಈ ಸಂಗತಿಯನ್ನು ಇಲ್ಲಿ ಬರೆಯಿರಿ ಎಂದು ಹೇಳಿದವರೂ ಅವರೇ.

ಕೊಯಮತ್ತೂರಿನಲ್ಲೂ ಇಂಥ ಸಾಮಾನಿನ ಅಂಗಡಿಗಳಿವೆ. ವೆಳ್ಳಿಯಂಗಿರಿ ಬೆಟ್ಟದ ಕಡೆಗೆ ಯೋಗ, ಧ್ಯಾನ ಎಂದು ಬರುವವರು ಹೆಚ್ಚಾದ ಮೇಲೆ ನೇಪಾಳದ ಬಟ್ಟಲು, ಥಾಯ್ಲೆಂಡಿನ ಬುದ್ಧ, ಬಾಲಿಯ ಮುಖವಾಡ, ಟಿಬೆಟಿನ ಧೂಪ ಎಲ್ಲ ಇಲ್ಲೇ ಸಿಗುತ್ತವೆ. ನಮ್ಮ ಮಕ್ಕಳು ಗೃಹಪ್ರವೇಶಕ್ಕೂ ಹುಟ್ಟುಹಬ್ಬಕ್ಕೂ ಇವನ್ನೇ ಉಡುಗೊರೆ ಕೊಡುತ್ತಾರೆ. ಹಾಗಾಗಿ ಇವು ನಿಜಕ್ಕೂ ಏನು, ಎಲ್ಲಿಂದ ಬರುತ್ತವೆ, ಕೊಳ್ಳುವಾಗ ಏನು ಕೇಳಬೇಕು ಎಂದು ತಿಳಿಯಲು ನಾವು ಐದು ಜನ ಒಂದು ಶನಿವಾರ ಆರ್.ಎಸ್.ಪುರದ ಅಡ್ಡರಸ್ತೆಯೊಂದರ ಅಂಗಡಿಗೆ ಹೋದೆವು. ಹಿರಿಯರ ಬಟ್ಟಲನ್ನೂ ಜೊತೆಗೆ ಒಯ್ದೆವು. ಅಂಗಡಿಯ ಹೆಸರು ಬೇಡ ಎಂದು ಮಾಲಕಿಯೇ ಕೇಳಿಕೊಂಡಿದ್ದಾರೆ.

ಹತ್ತಡಿ ಅಗಲದ ಅಂಗಡಿ. ಚಪ್ಪಲಿ ಹೊರಗೆ ಬಿಡಬೇಕು. ಮೊದಲು ತಮಿಳಿನಲ್ಲಿ ಮಾತಾಡಿಸಿದ ಆಕೆ ನಾವು ನಮ್ಮನಮ್ಮಲ್ಲೇ ಆಡುತ್ತಿದ್ದ ಮಾತು ಕೇಳಿ ನಕ್ಕರು. ‘ನಮ್ಮ ಮನೇಲೂ ಕನ್ನಡವೇ ಮಾತು. ಓದಕ್ಕೆ ಮಾತ್ರ ಬರಲ್ಲ’ ಎಂದರು. ಸಿರುಮುಗೈ ಕಡೆಯ ದೇವಾಂಗ ಮನೆತನ, ತಾತ ಮಗ್ಗದ ಮೇಲೆ ಕೂತವರು. ಆಮೇಲೆ ಮಾತು ಸಲೀಸಾಯಿತು. ಕಾಫಿಯೂ ಬಂತು.

ಬಟ್ಟಲುಗಳು ಗೋಡೆಯ ಒಂದು ಬದಿಯ ತುಂಬ ಇದ್ದವು. ಹಿರಿಯರ ಬಟ್ಟಲನ್ನು ಕೊಟ್ಟೆವು. ಆಕೆ ಅದನ್ನು ಬಡಿಯಲಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ಒಳಗೆ ನೋಡಿದರು. ಗ್ರಾಮಫೋನ್ ತಟ್ಟೆಯಲ್ಲಿರುವಂತೆ ಸಮನಾದ ನವಿರು ಗೆರೆಗಳು ಸುತ್ತು ಸುತ್ತಾಗಿ ಕಂಡವು. ‘ಇದು ಅಚ್ಚಿನಲ್ಲಿ ಎರಕ ಹೊಯ್ದು ಲೇತ್‌ನಲ್ಲಿ ಕಡೆದದ್ದು. ಹೊರಗಿರೋ ಸುತ್ತಿಗೆ ಗುರುತು ಆಮೇಲೆ ಹಾಕಿರೋದು. ಲೋಹ ಹಿತ್ತಾಳೆ.’ ಹಿತ್ತಾಳೆ ಅಂದರೆ ತಾಮ್ರಕ್ಕೆ ಸತು ಬೆರೆತದ್ದು. ಉತ್ತರ ಪ್ರದೇಶದ ಮೊರಾದಾಬಾದಿನಂಥ ಊರುಗಳಲ್ಲಿ ಹಿತ್ತಾಳೆ ಸಾಮಾನು ರಾಶಿಗಟ್ಟಲೆ ತಯಾರಾಗುತ್ತದೆ. ಅದರಲ್ಲಿ ತಪ್ಪೇನಿಲ್ಲ. ಅದನ್ನು ಹಿಮಾಲಯದ ಮಠದ್ದೆಂದು ಮಾರಿದ್ದು ತಪ್ಪು.

ಆಮೇಲೆ ಆಕೆ ತಮ್ಮ ಕಪಾಟಿನಿಂದ ಒಂದನ್ನು ತೆಗೆದರು. ಬಣ್ಣ ಮಂಕು, ಅಂಚು ಒಂದು ಕಡೆ ತುಸು ದಪ್ಪ, ಇನ್ನೊಂದು ಕಡೆ ತುಸು ತೆಳು, ಒಳಗೆ ಸುತ್ತಿಗೆಯ ಏಟುಗಳು ಒಂದರ ಮೇಲೊಂದು. ಅಂಗೈ ಮೇಲಿಟ್ಟು ಒಮ್ಮೆ ಬಡಿದಾಗ ನಾದ ನಿಲ್ಲುವುದರೊಳಗೆ ನಮ್ಮಲ್ಲೊಬ್ಬರು ಕಾಫಿ ಮುಗಿಸಿದ್ದರು. ಹಿರಿಯರ ಬಟ್ಟಲು ಅದರ ಕಾಲು ಭಾಗದ ಹೊತ್ತೂ ನಿಲ್ಲಲಿಲ್ಲ. ಈ ಎರಡನೆಯದರ ಬೆಲೆ 6,000 ರೂಪಾಯಿ. ನಮ್ಮ ಹಿರಿಯರು ಏನೂ ಮಾತಾಡಲಿಲ್ಲ, ಕೋಲನ್ನು ಬಟ್ಟಲಿನೊಳಗಿಟ್ಟು ಬಟ್ಟೆ ಸುತ್ತಿದರು.

ಏಳು ಲೋಹದ ಕತೆಗೆ ಬರೋಣ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ತವರ, ಸೀಸ, ಪಾದರಸ: ಒಂದೊಂದೂ ಒಂದೊಂದು ಗ್ರಹಕ್ಕೆ ಎಂದು ಹೇಳಿ ಮಾರುತ್ತಾರೆ. ಪಾದರಸವೊಂದನ್ನೇ ತೆಗೆದುಕೊಂಡು ಯೋಚಿಸಿ. ತಾಮ್ರ ಕರಗಲು 1085 ಡಿಗ್ರಿ ಸೆಲ್ಸಿಯಸ್ ಬೇಕು. ಪಾದರಸ 357 ಡಿಗ್ರಿಗೇ ಕುದಿದು ಆವಿಯಾಗುತ್ತದೆ, ಆ ಆವಿ ವಿಷ. ಕುಲುಮೆಗೆ ಅದನ್ನು ಹಾಕಿದವನು ಬಟ್ಟಲು ಮುಗಿಸುವ ಮೊದಲೇ ಕಾಯಿಲೆ ಬೀಳುತ್ತಾನೆ. ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿದ ಒಳ್ಳೆಯ ಹಳೆಯ ಬಟ್ಟಲುಗಳಲ್ಲಿ ಮುಖ್ಯವಾಗಿ ಸಿಕ್ಕಿರುವುದು ಎರಡೇ ಲೋಹ: ನೂರಕ್ಕೆ ಹೆಚ್ಚುಕಡಿಮೆ 78 ಪಾಲು ತಾಮ್ರ, 22 ಪಾಲು ತವರ. ಉಳಿದದ್ದು ಅದಿರಿನ ಜೊತೆ ಬಂದ ಚೂರುಪಾರು. ಕನ್ನಡದಲ್ಲಿ ಇದಕ್ಕೆ ಹೊಸ ಹೆಸರೇ ಬೇಡ. ಇದು ಕಂಚು. ಅಜ್ಜಿಯರ ಕಾಲದ ಊಟದ ತಟ್ಟೆ, ದೇವರ ಮನೆಯ ಗಂಟೆ, ಜಾಗಟೆ ಎಲ್ಲ ಇದೇ ಬಳಗದವು.

ಇಲ್ಲಿ ನಮಗೆ ನಿಜಕ್ಕೂ ಖುಷಿ ಕೊಟ್ಟ ವಿಷಯವೊಂದಿದೆ. ತವರ ಇಷ್ಟು ಹೆಚ್ಚಿರುವ ಕಂಚು ಗಾಜಿನ ಹಾಗೆ, ತಣ್ಣಗಿರುವಾಗ ಬಡಿದರೆ ಸೀಳುತ್ತದೆ. ಅದನ್ನು ಕೆಂಪಗೆ ಕಾಯಿಸಿ, ಬಿಸಿ ಆರುವುದರೊಳಗೆ ಬಡಿದು, ಮತ್ತೆ ಕಾಯಿಸಿ ಬಡಿದು, ಕೊನೆಗೆ ನೀರಿನಲ್ಲಿ ಅದ್ದಬೇಕು. ಈ ವಿದ್ಯೆ ಹಿಮಾಲಯದವರಿಗೆ ಮಾತ್ರ ಗೊತ್ತಿದ್ದದ್ದಲ್ಲ. ಇಲ್ಲಿಂದ ಮೇಟುಪಾಳ್ಯ ದಾಟಿ ಬೆಟ್ಟ ಹತ್ತಿದರೆ ಸಿಗುವ ನೀಲಗಿರಿಯಲ್ಲಿ, ಕಬ್ಬಿಣದ ಯುಗದ ಕಲ್ಲುಗೋರಿಗಳಲ್ಲಿ, ಹೀಗೆಯೇ ಬಡಿದು ಮಾಡಿದ ತೆಳುವಾದ ಕಂಚಿನ ಬಟ್ಟಲುಗಳು ಸಿಕ್ಕಿವೆ. ನೀಲಗಿರಿಯ ಕಮಿಷನರ್ ಆಗಿದ್ದ ಬ್ರೀಕ್ಸ್ ಅಗೆಸಿದ ಗೋರಿಗಳ ವಿವರ 1873ರಲ್ಲಿ ಪುಸ್ತಕವಾಗಿ ಬಂತು. ಊಟಿಯ ಬ್ರೀಕ್ಸ್ ಶಾಲೆಗಿರುವುದು ಇವರದೇ ಹೆಸರು. ಆ ಸಂಗ್ರಹದ ವಸ್ತುಗಳು ಚೆನ್ನೈನ ಎಗ್ಮೋರ್ ಮ್ಯೂಸಿಯಂನಲ್ಲಿವೆ. ಲೋಹವನ್ನು ಪರೀಕ್ಷಿಸಿ, ಇದು ತವರ ಹೆಚ್ಚಿರುವ, ಕಾಯಿಸಿ ಬಡಿದು ನೀರಿಗದ್ದಿದ ಕಂಚು ಎಂದು ತೋರಿಸಿದವರು ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಪ್ರಾಧ್ಯಾಪಕಿಯಾಗಿ ಹೆಸರಾದ ಶಾರದಾ ಶ್ರೀನಿವಾಸನ್. 2011ರಲ್ಲಿ ಅವರಿಗೆ ಪದ್ಮಶ್ರೀ ಬಂದಿದೆ. ಪಾಲಕ್ಕಾಡಿನ ಗಣಿವಾಯಿ ದಾಟಿದರೆ ಸಿಗುವ ಕೇರಳದಲ್ಲಿ ಈ ಕಸುಬು ಇತ್ತೀಚಿನವರೆಗೂ ಉಳಿದಿದ್ದನ್ನು ಅವರು 1990ರ ದಶಕದಲ್ಲಿ ಕಂಡು ಬರೆದಿದ್ದಾರೆ.

ಇನ್ನೂ ಹತ್ತಿರದ್ದು ಬೇಕಾದರೆ ಮಲೆ ಮಹದೇಶ್ವರ ಬೆಟ್ಟವಿದೆ. ಅಲ್ಲಿನ ಕಂಸಾಳೆಯವರ ಒಂದು ಕೈಯಲ್ಲಿ ಬಟ್ಟಲಿನಂಥ ತಾಳ, ಇನ್ನೊಂದು ಕೈಯಲ್ಲಿ ಗೊಂಡೆ ಕಟ್ಟಿದ ಚಪ್ಪಟೆ ತಾಳ. ಕಂಚಿನ ನಾದದಿಂದ ಮನಸ್ಸನ್ನು ಒಂದು ಕಡೆ ನಿಲ್ಲಿಸುವುದು ನಮ್ಮವರಿಗೆ ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ.

ಹಾಗಾದರೆ ‘ಟಿಬೆಟಿನ ಹಾಡುವ ಬಟ್ಟಲು’ ಎಂಬ ಹೆಸರು? ಟಿಬೆಟಿನ ಮಠಗಳ ಪೂಜೆಯಲ್ಲಿ ಗಂಟೆ ಮತ್ತು ವಜ್ರ, ಸಣ್ಣ ಜೋಡಿ ತಾಳ, ಉದ್ದ ಕಹಳೆ ಇವೆಲ್ಲ ಇವೆ. ಬಟ್ಟಲನ್ನು ಧ್ಯಾನಕ್ಕೆಂದು ಬಾರಿಸುವ ಪದ್ಧತಿಗೆ ಹಳೆಯ ಆಧಾರ ಗಟ್ಟಿಯಾಗಿಲ್ಲ. ಅದು ಜಗತ್ತಿನಲ್ಲೆಲ್ಲ ಹೆಸರಾದದ್ದು 1970ರ ದಶಕದ ಆರಂಭದಲ್ಲಿ, ಹೆನ್ರಿ ವುಲ್ಫ್ ಮತ್ತು ನ್ಯಾನ್ಸಿ ಹೆನ್ನಿಂಗ್ಸ್ ಎಂಬ ಪಾಶ್ಚಾತ್ಯ ಸಂಗೀತಗಾರರು ಇವುಗಳ ನಾದವನ್ನು ಧ್ವನಿಮುದ್ರಿಕೆಯಾಗಿ ತಂದ ಮೇಲೆ. ಈಗ ಮಾರುಕಟ್ಟೆಯಲ್ಲಿರುವ ಬಟ್ಟಲುಗಳಲ್ಲಿ ಹೆಚ್ಚಿನವು ನೇಪಾಳದವು ಇಲ್ಲವೇ ನಮ್ಮ ದೇಶದವು. ನಮ್ಮ ಮಾಲಕಿ ಕಾಠ್ಮಂಡುವಿನಿಂದ ತೂಕದ ಲೆಕ್ಕದಲ್ಲಿ ತರಿಸುತ್ತಾರೆ. ಅಂಗಡಿಯ ಚೀಟಿಯಲ್ಲೂ ‘ನೇಪಾಳದ ಕಂಚಿನ ಬಟ್ಟಲು’ ಎಂದೇ ಬರೆಯುತ್ತಾರೆ. ಹಾಗೆ ಬರೆದದ್ದರಿಂದ ವ್ಯಾಪಾರ ಕಡಿಮೆಯಾಯಿತೇ ಎಂದು ಕೇಳಿದ್ದಕ್ಕೆ, ‘ಸ್ವಲ್ಪ ಆಯ್ತು. ಜಗಳ ಪೂರ್ತಿ ನಿಂತೋಯ್ತು’ ಎಂದರು.

ಕೋಲನ್ನು ಅಂಚಿನ ಸುತ್ತ ಒತ್ತಿ ತಿರುಗಿಸಿದರೆ ಬಟ್ಟಲು ಏಕೆ ಹಾಡುತ್ತದೆ ಎಂದು ನಮ್ಮ ಜೊತೆ ಬಂದಿದ್ದ ಹುಡುಗಿ ಕೇಳಿದಳು. ಪಿಟೀಲಿನ ಕಮಾನು ತಂತಿಯನ್ನು ಹಿಡಿದು ಬಿಟ್ಟು ಹಿಡಿದು ಬಿಟ್ಟು ನುಡಿಸುವಂತೆ, ಕೋಲು ಅಂಚನ್ನು ಹಿಡಿಯುತ್ತದೆ, ಜಾರುತ್ತದೆ. ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚನ್ನು ಸವರಿದರೂ ಇದೇ ಆಟ. ಕೈಯಲ್ಲಿ ಬಡಿದ ಬಟ್ಟಲು ಪೂರ್ತಿ ದುಂಡಗಿರುವುದಿಲ್ಲ. ಆದ್ದರಿಂದ ತೀರಾ ಹತ್ತಿರದ ಎರಡು ಸ್ವರಗಳು ಒಟ್ಟಿಗೆ ಹುಟ್ಟಿ, ನಾದ ಏರಿ ಇಳಿದು ಏರಿ ಇಳಿದು ‘ವೋಂ ವೋಂ’ ಎನ್ನುತ್ತದೆ. ಕೊರತೆಯೇ ಇಲ್ಲಿ ಚೆಲುವು. ಬಟ್ಟಲಿಗೆ ನೀರು ಹಾಕಿ ತಿರುಗಿಸಿದರೆ ಹನಿಗಳು ಕುಣಿಯುತ್ತವೆ. ಬೆಲ್ಜಿಯಂ ಮತ್ತು ಅಮೆರಿಕದ ವಿಜ್ಞಾನಿಗಳಿಬ್ಬರು 2011ರಲ್ಲಿ ಇದರ ಮೇಲೊಂದು ಪ್ರಬಂಧವನ್ನೇ ಬರೆದಿದ್ದಾರೆ. ಮಕ್ಕಳಿಗೆ ತೋರಿಸಿ, ಅರ್ಧ ಗಂಟೆ ಮೊಬೈಲ್ ಕೇಳುವುದಿಲ್ಲ.

ಆದರೆ ಆ ನೀರನ್ನು ಕುಡಿಯಬೇಡಿ. ಅಲಂಕಾರಕ್ಕೆಂದು ಮಾಡಿದ ಪಾತ್ರೆಯ ಲೋಹದಲ್ಲಿ ಸೀಸ ಎಷ್ಟಿದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಇನ್ನು ಕಾಯಿಲೆಯ ವಿಷಯ. ನಾದ ಕೇಳುತ್ತಾ ಮಲಗಿದವರ ಆತಂಕ, ಬಿಗಿತ ಕಡಿಮೆಯಾಗಿದೆ ಎಂದು ಕೆಲವು ಸಣ್ಣ ಅಧ್ಯಯನಗಳಿವೆ. ಅಮೆರಿಕದಲ್ಲಿ ನಡೆದ ಒಂದರಲ್ಲಿ 62 ಜನರಿದ್ದರು, ನಾದ ಕೇಳದೆ ಸುಮ್ಮನೆ ಮಲಗಿದ್ದವರ ಜೊತೆ ಹೋಲಿಸಿ ನೋಡಿರಲಿಲ್ಲ. ಮನಸ್ಸಿಗೆ ಹಾಯೆನಿಸಿದರೆ ಒಳ್ಳೆಯದೇ, ನಮಗೂ ಅನಿಸಿತು. ಮಾತ್ರೆಯ ಬದಲು ಬಟ್ಟಲು ಎನ್ನುವುದು ಬೇರೆ ಮಾತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಎಂಬುದೊಂದಿದೆ. ತಾಯತ, ಮಂತ್ರ, ಕವಚದಂಥವು ಸಕ್ಕರೆ ಕಾಯಿಲೆ ಮುಂತಾದ ರೋಗಗಳನ್ನು ವಾಸಿ ಮಾಡುತ್ತವೆಂದು ಪ್ರಚಾರ ಮಾಡುವುದು ಅದರಂತೆ ಅಪರಾಧ. ಅಚ್ಚು ಹಾಕಿಸಿದ ಜಾಹೀರಾತು ಮಾತ್ರವಲ್ಲ, ಬಾಯಿಮಾತಿನ ಪ್ರಚಾರವೂ ಅದರಲ್ಲಿ ಸೇರುತ್ತದೆ. ಎಪ್ಪತ್ತು ವರ್ಷ ಹಳೆಯ ಕಾನೂನು, ನಮ್ಮಲ್ಲಿ ಎಷ್ಟೋ ಜನರಿಗೆ ಗೊತ್ತೇ ಇರಲಿಲ್ಲ.

ಉಳಿದ ಸಾಮಾನುಗಳನ್ನು ಬೇಗ ನೋಡೋಣ.

ರುದ್ರಾಕ್ಷಿಯಲ್ಲಿ ದೊಡ್ಡ ಮಣಿ ನೇಪಾಳದ್ದು, ಮಾಲೆಗೆ ಪೋಣಿಸುವ ಸಣ್ಣ ಮಣಿ ಹೆಚ್ಚಾಗಿ ಇಂಡೋನೇಷ್ಯಾದ್ದು. ಕೊರಳಿಗೆ ಹಾಕಿಕೊಳ್ಳುವ ನಮ್ಮಲ್ಲಿ ಅನೇಕರಿಗೆ ಇದು ಜಾವಾ ಕಡೆಯಿಂದ ಹಡಗಿನಲ್ಲಿ ಬಂದಿರಬಹುದೆಂಬ ಕಲ್ಪನೆಯೂ ಇರಲಿಲ್ಲ. ಮುಖ ಎಂದರೆ ಬೀಜದ ಒಳಗಿನ ಕೋಣೆಗಳ ಲೆಕ್ಕ. ಐದು ಮುಖದ್ದು ಧಾರಾಳ, ಆದ್ದರಿಂದ ಅಗ್ಗ. ಅಪರೂಪದ ಮುಖದ್ದೆಂದು ಸಾವಿರಗಟ್ಟಲೆ ಕೇಳಿದರೆ ಗೆರೆ ಕೊರೆದಿರಬಹುದು, ಎರಡು ಮಣಿ ಅಂಟಿಸಿರಬಹುದು. ನೀರಿನಲ್ಲಿ ಮುಳುಗಿದರೆ ಅಸಲಿ ಎನ್ನುವ ಪರೀಕ್ಷೆ ನಂಬುವಂಥದ್ದಲ್ಲ. ಎಕ್ಸ್‌ರೇ ತೆಗೆದರೆ ಒಳಗಿನ ಕೋಣೆ ಕಾಣುತ್ತದೆ.

ಹೊಟ್ಟೆ ಬಿಟ್ಟುಕೊಂಡು ನಗುವ ಬುದ್ಧ ಗೌತಮ ಬುದ್ಧನಲ್ಲ. ಸುಮಾರು ಸಾವಿರ ವರ್ಷದ ಹಿಂದಿನ ಚೀನಾದ ಬುದಾಯ್ ಎಂಬ ಜೋಳಿಗೆಯ ಸನ್ಯಾಸಿ, ಮುಂದೆ ಬರುವ ಮೈತ್ರೇಯ ಬುದ್ಧನ ರೂಪವೆಂದು ಅಲ್ಲಿಯವರು ನಂಬುತ್ತಾರೆ. ಬಲಗೈ ಬೆರಳು ನೆಲ ಮುಟ್ಟಿರುವುದು ಭೂಮಿಸ್ಪರ್ಶ ಮುದ್ರೆ, ಬೋಧಿಯ ಗಳಿಗೆಗೆ ಭೂಮಿಯನ್ನೇ ಸಾಕ್ಷಿ ಕರೆದದ್ದು. ಬರೀ ತಲೆಯ ವಿಗ್ರಹ ಬೇಡವೆಂದು ನಮ್ಮ ಅಭಿಪ್ರಾಯ. ಥಾಯ್ಲೆಂಡಿನವರು ಬುದ್ಧನ ತಲೆಯನ್ನು ಅಲಂಕಾರಕ್ಕಿಡುವುದನ್ನು ಅವಮಾನವೆಂದು ಭಾವಿಸುತ್ತಾರೆ, ಬುದ್ಧನ ಮೂರ್ತಿಯನ್ನು ದೇಶದ ಹೊರಗೆ ಒಯ್ಯಲು ಅಲ್ಲಿನ ಸರ್ಕಾರದ ಪರವಾನಗಿ ಬೇಕು. ನಮ್ಮ ಬಸವಣ್ಣನವರ ತಲೆಯೊಂದನ್ನೇ ಯಾರೋ ಹೋಟೆಲಿನ ಬಚ್ಚಲಿನ ಮುಂದಿಟ್ಟರೆ ನಮಗೆ ಹೇಗಾಗುತ್ತದೆ?

ಐದು ಬಣ್ಣದ ಬಾವುಟಗಳ ಸಾಲು ಈಗ ಎಲ್ಲ ಬೈಕುಗಳ ಮೇಲೂ ಇದೆ. ನೀಲಿ, ಬಿಳಿ, ಕೆಂಪು, ಹಸಿರು, ಹಳದಿ: ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು. ಅದರ ಮೇಲಿರುವುದು ಪ್ರಾರ್ಥನೆಯ ಅಕ್ಷರ, ನೆಲಕ್ಕೆ ಹಾಕಬೇಡಿ. ಧೂಪದಲ್ಲಿ ಒಂದು ವ್ಯತ್ಯಾಸ ಗಮನಿಸಿ. ಟಿಬೆಟಿನ ಕಡ್ಡಿಯೊಳಗೆ ಬಿದಿರಿಲ್ಲ, ಇಡೀ ಕಡ್ಡಿಯೇ ಗಿಡಮೂಲಿಕೆಯ ಹಿಟ್ಟು. ಬಿದಿರು ಕಡ್ಡಿಯ ಊದುಬತ್ತಿಗೆ ನಮ್ಮ ಮೈಸೂರೇ ಹೆಸರುವಾಸಿ, 2005ರಲ್ಲಿ ಅದಕ್ಕೆ ಭೌಗೋಳಿಕ ಗುರುತು ಸಿಕ್ಕಿತು. ಆದರೂ ವಿಯೆಟ್ನಾಂ, ಚೀನಾದ ಬತ್ತಿ ಎಷ್ಟು ಬರತೊಡಗಿತೆಂದರೆ 2019ರ ಆಗಸ್ಟ್‌ನಲ್ಲಿ ಸರ್ಕಾರ ಆಮದಿಗೆ ನಿರ್ಬಂಧ ಹಾಕಬೇಕಾಯಿತು. ಯಾವುದನ್ನು ಹಚ್ಚಿದರೂ ಕಿಟಕಿ ತೆರೆದಿಡಿ.

ಧ್ಯಾನದ ಆಸನಕ್ಕೆ ಥಾಯ್ಲೆಂಡಿನ ಮುಕ್ಕೋನ ದಿಂಬಿತ್ತು, ಬೆಲೆ 3,400 ರೂಪಾಯಿ. ಒಳಗೇನಿದೆ ಎಂದು ಹಿಚುಕಿ ನೋಡಿದರೆ ಬೂರುಗದ ಹತ್ತಿ! ಇಲ್ಲಿಯವರ ಇಲವಂ ಪಂಜು. ಕೆಳಗೆ ಹಾಸಲು ಈರೋಡಿನ ಆಚೆಯ ಭವಾನಿ ಜಮಖಾನ ಸಾಕಲ್ಲವೇ ಎಂದು ನಮ್ಮವರೊಬ್ಬರು ಕೇಳಿದರು. ಮಾಲಕಿ ಒಳಗಿನಿಂದ ಒಂದು ತಂದು ತೋರಿಸಿದರು. ‘ಇಟ್ಟಿದೀನಿ. ಆಮದು ಅಂದ್ರೇನೇ ಕೈಗೆತ್ತಿಕೊಳ್ತಾರೆ, ಭವಾನಿ ಅಂದ್ರೆ ಬಿಟ್ಟು ಹೋಗ್ತಾರೆ.’ ಜೊತೆಯಲ್ಲಿದ್ದ ತಿರುಪ್ಪೂರಿನ ಸದಸ್ಯರು ನಕ್ಕುಬಿಟ್ಟರು. ಅವರ ಊರಿನ ಬನಿಯನ್ನನ್ನು ಯುರೋಪಿನವರು ಆಮದು ಮಾಲೆಂದು ಕೊಳ್ಳುತ್ತಾರಲ್ಲ.

ಟಿಬೆಟಿನವರ ಕೆಲಸವನ್ನೇ ಅವರ ಕೈಯಿಂದಲೇ ಕೊಳ್ಳಬೇಕೆನ್ನುವವರು ದೂರ ಹೋಗಬೇಕಿಲ್ಲ. ಬಿ.ಡಿ.ಜತ್ತಿಯವರು ಮುಖ್ಯಮಂತ್ರಿಯಾಗಿದ್ದಾಗ ಮೈಸೂರು ರಾಜ್ಯ ಭೂಮಿ ಕೊಟ್ಟದ್ದರಿಂದ 1960–61ರ ಹೊತ್ತಿಗೆ ಬೈಲುಕುಪ್ಪೆಯ ನೆಲೆ ಶುರುವಾಯಿತು. ನಾಮ್‌ಡ್ರೋಲಿಂಗ್ ಮಠ 1963ರದ್ದು. 1966ರಲ್ಲಿ ಮುಂಡಗೋಡು, ಆಮೇಲೆ ಹುಣಸೂರು ಮತ್ತು ಕೊಳ್ಳೇಗಾಲದ ಬಳಿಯ ಒಡೆಯರಪಾಳ್ಯ. ನಮಗೆ ಹತ್ತಿರ ಒಡೆಯರಪಾಳ್ಯವೇ: ಸತ್ಯಮಂಗಲ, ಬಣ್ಣಾರಿ, ದಿಂಬಂ ಘಾಟಿಯ 27 ತಿರುವು, ಹಾಸನೂರು, ಆಚೆ ಕರ್ನಾಟಕ. ಘಾಟಿಯಲ್ಲಿ ರಾತ್ರಿ ವಾಹನಗಳಿಗೆ ನಿರ್ಬಂಧವಿದೆ, ಬೆಳಿಗ್ಗೆ ಹೊರಡಿ. ಅಲ್ಲಿ ಹುಟ್ಟಿ ಬೆಳೆದ ಟಿಬೆಟಿನ ಹುಡುಗರು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಕನ್ನಡ ಮಾತಾಡಿದರೆ ನಾಚಿಕೊಳ್ಳಬೇಡಿ.

ಕೊಳ್ಳುವಾಗ ನಾವು ಕಲಿತದ್ದು ಇಷ್ಟು. ಪೊಟ್ಟಣದ ಆಮದು ಸಾಮಾನಿನ ಮೇಲೆ ಯಾವ ದೇಶದ್ದು, ಆಮದು ಮಾಡಿದವರ ಹೆಸರು ವಿಳಾಸ, ಗರಿಷ್ಠ ಬೆಲೆ ಇರಲೇಬೇಕು, 2011ರ ನಿಯಮ ಹಾಗೆ ಹೇಳುತ್ತದೆ. ಬಿಡಿಯಾಗಿ ಮಾರುವ ಬಟ್ಟಲಿಗೆ ಅಂಥ ಚೀಟಿ ಇರುವುದಿಲ್ಲ. ಆದ್ದರಿಂದ ಬಿಲ್ಲಿನಲ್ಲಿ ‘ಕಂಚು’ ಅಥವಾ ‘ಹಿತ್ತಾಳೆ’ ಎಂದು, ಕೈಯಲ್ಲಿ ಬಡಿದದ್ದೋ ಯಂತ್ರದ್ದೋ ಎಂದು ಬರೆಸಿಕೊಳ್ಳಿ. ಬರೆಯಲು ಹಿಂಜರಿದರೆ ಅಲ್ಲೇ ಉತ್ತರ ಸಿಕ್ಕಿತು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ನಮ್ಮ ಹಿರಿಯರ ಬಳಿ ಬಿಲ್ಲೇ ಇರಲಿಲ್ಲ. ಇಬ್ಬರೂ ಅದರ ಆಸೆ ಬಿಟ್ಟಿದ್ದಾರೆ. ಬಟ್ಟಲು ಈಗ ಅಡುಗೆಮನೆಯ ಬಾಗಿಲಲ್ಲಿದೆ, ಮೊಮ್ಮಕ್ಕಳನ್ನು ಊಟಕ್ಕೆ ಕರೆಯಲು ಅಮ್ಮ ಅದನ್ನು ಬಡಿಯುತ್ತಾರಂತೆ.

ಮುಂದಿನ ತಿಂಗಳ ಕೂಟಕ್ಕೆ ಬರುವಾಗ ಮನೆಯ ಅಟ್ಟದಲ್ಲಿ ಕಂಚಿನ ತಟ್ಟೆ, ಗಂಟೆ, ಜಾಗಟೆ, ತಾಳ ಏನಿದ್ದರೂ ತನ್ನಿ. ಅಂಗಡಿಯ ಮಾಲಕಿ ತಮ್ಮ ತಾಯಿಯವರನ್ನೂ ಕರೆದುಕೊಂಡು ಬರುವುದಾಗಿ ಒಪ್ಪಿದ್ದಾರೆ. ಊಟಕ್ಕೆ ಮೊದಲು ಒಂದೊಂದನ್ನೇ ಬಡಿದು ಕೇಳೋಣ. ಹುಣಸೆಹಣ್ಣಿನಿಂದ ಉಜ್ಜಿ ಹೊಳಪು ಬರಿಸುವ ಅಗತ್ಯವಿಲ್ಲ, ಇದ್ದ ಹಾಗೆಯೇ ತನ್ನಿ. ಬಟ್ಟೆಯಲ್ಲಿ ಸುತ್ತಿ ಜೋಪಾನವಾಗಿ ತರಬೇಕು, ಕಂಚು ಬಿದ್ದರೆ ಸೀಳುತ್ತದೆ.